ಬಿಸಿಯಾದಾಗ ಕೈಕೊಡುವ ಎಂಜಿನ್: ಕ್ರ್ಯಾಂಕ್ ಸೆನ್ಸರ್ ಬದಲಿಸುವ ಮುನ್ನ

ಪ್ರಶ್ನೆ: ನನ್ನದು ಪೆಟ್ರೋಲ್ ಕಾರು. ಅರ್ಧ ಗಂಟೆ ಓಡಿಸಿದ ಮೇಲೆ ಇದ್ದಕ್ಕಿದ್ದಂತೆ ಎಂಜಿನ್ ಆಫ್ ಆಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0335 ಕೋಡ್ ಬಂತು. ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ನಾನೇ ಬದಲಿಸಬಹುದೇ?

ಉತ್ತರ: ಬದಲಿಸಬಹುದು. ಆದರೆ ಹೊಸದನ್ನು ಕೊಳ್ಳಲು ಆತುರ ಬೇಡ. ಪಿ0335 ಹೇಳುವುದು ಸೆನ್ಸರ್‌ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ. ತಪ್ಪು ಸೆನ್ಸರ್‌ನದೋ ವೈರಿನದೋ ಎಂಬುದನ್ನು ನಾವೇ ಪತ್ತೆ ಮಾಡಬೇಕು.

ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವೇ ಕ್ರ್ಯಾಂಕ್‌ಶಾಫ್ಟ್. ಅದರ ಜೊತೆ ತಿರುಗುವ ಹಲ್ಲಿನ ಚಕ್ರದ ಎದುರು ಈ ಸೆನ್ಸರ್ ಕೂತಿರುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಆ ಚಕ್ರಕ್ಕೆ 60 ಹಲ್ಲಿನ ಜಾಗವಿದ್ದರೂ ಇರುವುದು 58. ಎರಡು ಹಲ್ಲಿನ ಆ ಬೊಚ್ಚು ಜಾಗ ಹಾದುಹೋದಾಗಲೇ ಪಿಸ್ಟನ್ ಎಲ್ಲಿದೆ ಎಂಬುದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್‌ಗೆ) ತಿಳಿಯುವುದು. ಸಿಗ್ನಲ್ ನಿಂತರೆ ಬಹುತೇಕ ಕಾರುಗಳಲ್ಲಿ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ. ಒಳಗಿನ ಸುರುಳಿಯ ತಂತಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಾವಿಗೆ ಬೇರ್ಪಟ್ಟು, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗಿ ತಣ್ಣಗಿನ ಎಂಜಿನ್‌ನಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮುಂದಿನ ಸಲ ಎಂಜಿನ್ ನಿಂತಾಗ ಕಾರನ್ನು ಸುರಕ್ಷಿತ ಜಾಗಕ್ಕೆ ತಂದು, ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಸೊನ್ನೆ ಬಿಟ್ಟು ಕದಲದಿದ್ದರೆ ಸಿಗ್ನಲ್ ಬರುತ್ತಿಲ್ಲ. ಆಮೇಲೆ ಕನೆಕ್ಟರ್ ಬಿಚ್ಚಿ, ಪಿನ್‌ಗಳಿಗೆ ಆಯಿಲ್ ಅಥವಾ ಕಿಲುಬು ಹಿಡಿದಿದೆಯೇ, ಸೈಲೆನ್ಸರ್ ಪೈಪಿನ ಕಾವಿಗೆ ವೈರಿನ ಹೊದಿಕೆ ಸುಟ್ಟಿದೆಯೇ ನೋಡಿ. ಎರಡು ವೈರಿನ ಸೆನ್ಸರ್ ಆಗಿದ್ದರೆ ಬಿಸಿ ಇರುವಾಗಲೇ ಮಲ್ಟಿಮೀಟರ್‌ನಲ್ಲಿ ಓಮ್ (ವಿದ್ಯುತ್ ರೋಧ) ಅಳೆಯಿರಿ. ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸಿನಲ್ಲಿರುತ್ತದೆ, ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಮೀಟರ್ 'ಓಪನ್' ತೋರಿಸಿದರೆ ತಂತಿ ಕಡಿದಿದೆ. ಮೂರು ವೈರಿನವು ಹೆಚ್ಚಾಗಿ ಹಾಲ್ ಸೆನ್ಸರ್‌ಗಳು, ಅಂದರೆ ಸುರುಳಿಯ ಬದಲು ಕಾಂತಕ್ಷೇತ್ರ ಗ್ರಹಿಸುವ ಚಿಪ್ ಇರುವಂಥವು. ಅವಕ್ಕೆ ಓಮ್ ಪರೀಕ್ಷೆ ಸಲ್ಲದು. ಕನೆಕ್ಟರ್‌ಗೆ ವೋಲ್ಟೇಜ್ ಮತ್ತು ಅರ್ಥ್ ಬರುತ್ತಿವೆಯೇ ಎಂದು ನೋಡಿ.

ಬಿಚ್ಚುವ ಕೆಲಸ ಸಾಮಾನ್ಯವಾಗಿ ಒಂದೇ ಬೋಲ್ಟಿನದು. ಎಂಜಿನ್ ತಣಿಯಲಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡಿ. ಪೇಚಾಟ ಶುರುವಾಗುವುದು ಬೋಲ್ಟ್ ಬಂದ ಮೇಲೆ. ವರ್ಷಗಟ್ಟಲೆ ಕೂತ ಸೆನ್ಸರ್ ಅಲ್ಲೇ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಪ್ಲಾಸ್ಟಿಕ್ ಮುರಿದು ತುದಿ ಒಳಗೇ ಉಳಿದೀತು; ಆಮೇಲೆ ಗೇರ್‌ಬಾಕ್ಸ್ ಇಳಿಸುವ ಪ್ರಸಂಗವೂ ಬರಬಹುದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾದು, ಎಡಬಲಕ್ಕೆ ಮೆಲ್ಲನೆ ತಿರುಗಿಸುತ್ತಾ ಎಳೆಯಿರಿ. ಹೊರಬಂದದ್ದರ ತುದಿಯಲ್ಲಿ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ ಅದನ್ನು ಒರೆಸಿ ಹಾಕಿ ನೋಡಿ, ಕೆಲವೊಮ್ಮೆ ತೊಂದರೆ ಅಷ್ಟೇ ಇರುತ್ತದೆ.

ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ, ಕನೆಕ್ಟರ್ ಹೋಲಿಸಿ. ಇದರ ಬದಲು ಕ್ಯಾಮ್ ಸೆನ್ಸರ್ (ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ನದು) ಕೈಗೆ ಬಂದದ್ದೂ ಉಂಟು. ಓ-ರಿಂಗ್‌ಗೆ (ಸೆನ್ಸರ್ ಸುತ್ತಲಿನ ರಬ್ಬರ್ ಉಂಗುರಕ್ಕೆ) ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ, ಕೈಯಿಂದಲೇ ಪೂರ್ತಿ ಕೂರಿಸಿದ ಮೇಲೆ ಬೋಲ್ಟ್ ಬಿಗಿಯಿರಿ. ವೈರನ್ನು ಹಳೆಯ ಕ್ಲಿಪ್‌ಗಳಲ್ಲೇ ಕೂರಿಸಿ. ಕೋಡ್ ಅಳಿಸಿದ ಮೇಲೂ ಚೆಕ್ ಎಂಜಿನ್ ದೀಪ ಉರಿದರೆ ಗಾಬರಿ ಬೇಡ: ಕೆಲವು ಕಾರುಗಳಲ್ಲಿ ಹೊಸ ಸೆನ್ಸರನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಪರಿಚಯಿಸಬೇಕಾಗುತ್ತದೆ.