21 ಎಸ್‌ಟಿಆರ್ ಲೋಕಸ್‌ಗಳ (ಡಿಎನ್‌ಎಯ ಸಣ್ಣ ತುಣುಕು ಮತ್ತೆ ಮತ್ತೆ ಬರುವ ಜಾಗಗಳು) ಡೇಟಾ ಕೈಯಲ್ಲಿದೆ, ಪೇಪರಿನ ಕರಡೂ ಕಳಿಸಿದ್ದೇನೆ, ಯಾವ ಜರ್ನಲ್‌ಗೆ ಕಳಿಸಿದರೆ ಬೇಗ ಪ್ರಕಟವಾಗುತ್ತದೆ?

ಜರ್ನಲ್ ವಿಚಾರ ಆಮೇಲೆ. ಕರಡಿನಲ್ಲಿ ಒಂದೇ ಒಂದು ಲೋಕಸ್ ಹಾರ್ಡಿ–ವೈನ್‌ಬರ್ಗ್ ಪರೀಕ್ಷೆಯಲ್ಲಿ (ಜೀನೋಟೈಪ್‌ಗಳು ನಿರೀಕ್ಷಿತ ಪ್ರಮಾಣದಲ್ಲಿವೆಯೇ ಅಂತ ನೋಡುವುದು) ಎಡವಿತ್ತು, ಬಾನ್‌ಫೆರೋನಿ (ಹಲವು ಪರೀಕ್ಷೆ ಒಟ್ಟಿಗೆ ಮಾಡಿದಾಗ ಪಿ ಮಿತಿ ಬಿಗಿ ಮಾಡುವ ತಿದ್ದುಪಡಿ) ಹಾಕಿದ ಮೇಲೆ ಸರಿಹೋಯಿತು ಅಂತ ಬರೆದಿದ್ದೀರಲ್ಲ, ನಮ್ಮ ಪೇಪರ್ ವಾಪಸ್ ಬಂದದ್ದೂ ಅಂಥದ್ದೇ ಸಾಲಿನಿಂದ.

21 ಲೋಕಸ್ ಇದ್ದರೆ ಬಾನ್‌ಫೆರೋನಿ ಮಿತಿ 0.05 ಭಾಗಿಸು 21, ಸುಮಾರು 0.0024. ಪಿ ಮೌಲ್ಯ 0.01 ಬಂದ ಲೋಕಸ್ ಕೂಡ ಪಾಸಾಗಿಬಿಡುತ್ತದೆ, ಒಳಗಿನ ತಪ್ಪು ಹಾಗೇ ಉಳಿಯುತ್ತದೆ. ರಕ್ತಸಂಬಂಧದ ಮದುವೆಗಳೇ ಕಾರಣ ಅಂತಲೂ ಬರೆಯಬೇಡಿ. ಹಾಗಿದ್ದರೆ ಹೋಮೋಜೈಗಸ್‌ಗಳು (ತಂದೆ, ತಾಯಿ ಇಬ್ಬರಿಂದಲೂ ಒಂದೇ ಅಲೀಲ್, ಅಂದರೆ ಒಂದೇ ರೂಪ, ಬಂದವರು) ಎಲ್ಲ ಲೋಕಸ್‌ಗಳಲ್ಲೂ ಹೆಚ್ಚಬೇಕಿತ್ತು. ಒಂದರಲ್ಲಿ ಮಾತ್ರ ಹೆಚ್ಚಿದ್ದರೆ ಮೊದಲು ಟೈಪಿಂಗ್ (ಲ್ಯಾಬಿನಲ್ಲಿ ಅಲೀಲ್ ಗುರುತಿಸುವ ಕೆಲಸ) ಮೇಲೆ ಅನುಮಾನಪಡಿ.

ಟಿಎಚ್‌01 ಎಂಬ ಲೋಕಸ್ ತೆಗೆದುಕೊಳ್ಳಿ. ಅದರ 9.3 ಅಲೀಲ್ ಅಂದರೆ ಒಂಬತ್ತು ಪೂರ್ತಿ ರಿಪೀಟು, ಮೇಲೆ ಮೂರು ಬೇಸ್. ಅದಕ್ಕೂ 10ಕ್ಕೂ ಒಂದೇ ಬೇಸ್ ಅಂತರ. ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಕ್ಯಾಪಿಲರಿ (ಸಣ್ಣ ಕೊಳವೆ) ಹಳೆಯದಾಗಿ ರೆಸಲ್ಯೂಷನ್ ಇಳಿದಿದ್ದರೆ ಎರಡು ಪೀಕ್ ಕೂಡಿಕೊಂಡು, 9.3 ಮತ್ತು 10 ಎರಡೂ ಇರುವ ವ್ಯಕ್ತಿ ಹೋಮೋಜೈಗಸ್ ಆಗಿ ದಾಖಲಾಗುತ್ತಾನೆ. ಬೇರೆ ಲೋಕಸ್‌ಗಳಲ್ಲಿ ಪ್ರೈಮರ್ (ಡಿಎನ್‌ಎ ನಕಲು ಶುರುಮಾಡುವ ಸಣ್ಣ ತುಣುಕು) ಕೂರುವ ಜಾಗದಲ್ಲೇ ಮ್ಯುಟೇಷನ್ ಇದ್ದು ಒಂದು ಅಲೀಲ್ ನಕಲಾಗದೇ ಹೋಗಬಹುದು. ಇದೇ ನಲ್ ಅಲೀಲ್.

ಆ ಲೋಕಸ್‌ನ ಹೋಮೋಜೈಗಸ್‌ಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದರ ಎಲೆಕ್ಟ್ರೋಫೆರೋಗ್ರಾಮ್ (ಅಲೀಲ್‌ಗಳು ಪೀಕ್‌ಗಳಾಗಿ ಕಾಣುವ ಗ್ರಾಫ್) ಮತ್ತೆ ತೆರೆಯಿರಿ. ನಿಜವಾದ ಹೋಮೋಜೈಗಸ್ ಪೀಕ್, ಅದೇ ಸ್ಯಾಂಪಲ್ಲಿನಲ್ಲಿ ಅದೇ ಬಣ್ಣದ, ಹತ್ತಿರದ ಗಾತ್ರದ ಹೆಟೆರೋಜೈಗಸ್ (ಎರಡು ಬೇರೆ ಅಲೀಲ್ ಇರುವ) ಲೋಕಸ್‌ನ ಪೀಕಿಗಿಂತ ಸುಮಾರು ಎರಡರಷ್ಟು ಎತ್ತರ ಇರಬೇಕು. ಆ ನಿರೀಕ್ಷಿತ ಎತ್ತರದ ಅರ್ಧವೇ ಇದ್ದರೆ ನಲ್ ಅಲೀಲ್ ಇರಬಹುದು. ಪಕ್ಕದಲ್ಲಿ ಹೆಗಲಿನಂಥ ಉಬ್ಬು ಕಂಡರೆ ಎರಡು ಅಲೀಲ್ ಕೂಡಿಕೊಂಡಿವೆ. ಅನುಮಾನದ ಸ್ಯಾಂಪಲ್‌ಗಳನ್ನು ಬೇರೆ ಪ್ರೈಮರ್ ಇರುವ ಇನ್ನೊಂದು ಕಿಟ್‌ನಲ್ಲಿ ಓಡಿಸಿ. ಕಾಣೆಯಾಗಿದ್ದ ಅಲೀಲ್ ಅಲ್ಲಿ ಸಿಕ್ಕಿದರೆ ಅದನ್ನು ಪೇಪರ್‌ನಲ್ಲೇ ಬರೆಯಿರಿ. ಬರೀ ಫ್ರೀಕ್ವೆನ್ಸಿ ಟೇಬಲ್‌ಗಿಂತ ಅದೇ ಹೆಚ್ಚು ಉಪಯುಕ್ತ.

ಟೇಬಲ್ ಕೈಯಿಂದ ಟೈಪ್ ಮಾಡಲೇಬೇಡಿ, ಸಾಫ್ಟ್‌ವೇರ್‌ನಿಂದ ನೇರ ಎಕ್ಸ್‌ಪೋರ್ಟ್ ಮಾಡಿ. ಸ್ಪ್ರೆಡ್‌ಶೀಟ್ ಕಾಲಂ ಟೆಕ್ಸ್ಟ್ ಆಗಿರಲಿ, ಕೆಲವು ಸೆಟ್ಟಿಂಗ್‌ಗಳಲ್ಲಿ 9.3 ತಾರೀಖಾಗಿ ಬದಲಾಗುತ್ತದೆ. ಸ್ಯಾಂಪಲ್‌ಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ: ಎಲ್ಲ ಅಲೀಲ್ ಒಂದೇ ಆದರೆ ಒಬ್ಬರದ್ದೇ ಎರಡು ಸಲ ಬಂದಿದೆ (ಅಥವಾ ಅವಳಿಗಳು), ಪ್ರತಿ ಲೋಕಸ್‌ನಲ್ಲೂ ಒಂದಾದರೂ ಹೊಂದಿದರೆ ಹೆತ್ತವರು–ಮಕ್ಕಳು ಇರಬಹುದು.

ಆಮೇಲೆ ಜೀನೋಟೈಪ್‌ಗಳನ್ನು ಸ್ಟ್ರೈಡರ್‌ಗೆ (ಎಸ್‌ಟಿಆರ್ ಡೇಟಾದ ಗುಣಮಟ್ಟ ಪರಿಶೀಲಿಸುವ ಆನ್‌ಲೈನ್ ಡೇಟಾಬೇಸ್) ಕಳಿಸಿ. ವೈ ಹ್ಯಾಪ್ಲೋಟೈಪ್ (ವೈ ಕ್ರೋಮೋಸೋಮ್‌ನ ಅಲೀಲ್‌ಗಳ ಗುಚ್ಛ) ಆದರೆ ವೈಎಚ್‌ಆರ್‌ಡಿ ಡೇಟಾಬೇಸ್, ಮೈಟೋಕಾಂಡ್ರಿಯಾ ಡಿಎನ್‌ಎ ಆದರೆ ಎಂಪಾಪ್ ಡೇಟಾಬೇಸ್. ದಾನಿಗಳ ಒಪ್ಪಿಗೆ ಪತ್ರದಲ್ಲಿ ಸಂಶೋಧನೆ ಮತ್ತು ಪ್ರಕಟಣೆ ಎರಡೂ ಸ್ಪಷ್ಟವಾಗಿರಬೇಕು, ಪ್ರಕರಣದ ತನಿಖೆಗೆ ತೆಗೆದ ಸ್ಯಾಂಪಲ್ ಇದಕ್ಕೆ ಬಳಸಬೇಡಿ. ಒಪ್ಪಿಗೆಯ ಪ್ರಶ್ನೆಗೇ ಪ್ರಕಟವಾದ ಪೇಪರ್‌ಗಳೂ ಹಿಂತೆಗೆಯಲ್ಪಟ್ಟಿವೆ.

ಡೇಟಾಬೇಸ್ ಕೊಡುವ ಅಕ್ಸೆಷನ್ ನಂಬರ್ (ನೋಂದಣಿ ಸಂಖ್ಯೆ) ಸಿಕ್ಕ ಮೇಲೆ ಜರ್ನಲ್ ಹುಡುಕಿ, ಮೆಥಡ್ಸ್ ಭಾಗದಲ್ಲಿ ಅದನ್ನು ನಮೂದಿಸಿ.