ಒಂದೂರಲ್ಲಿ ಒಬ್ಬ ರಾಜ, ಆ ರಾಜನಿಗೆ...

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿ ಮೊದಲ ಪಿಯುಸಿ, ಸೈನ್ಸ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಪೀರಿಯಡ್ ಇದ್ದ ದಿನವೆಲ್ಲ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಅಂದ ಮೇಲೆ ಅಪ್ಪ ನನ್ನ ಹತ್ತಿರ ಕರೆತಂದರು. "ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಲಾ ಮೇಡಂ?" ಎಂದು ಕೇಳಿದರು. ಈಗಲೇ ಬೇಡ ಎಂದೆ.

ಅವಳ ನೋಟ್‌ಬುಕ್ ನೋಡಿದೆ. ಅಮ್ಮನ ಬಗ್ಗೆ ಪ್ರಬಂಧ. ನಾಲ್ಕು ಸಾಲು ಗೈಡಿನ ಬಾಯಿಪಾಠ: ತಾಯಿ ಕರುಣಾಮಯಿ, ತ್ಯಾಗಮಯಿ. ಐದನೆಯದು ಅವಳದೇ: 'ಮೈ ಮದರ್ ಟೈ ಫ್ಲವರ್ಸ್.' ಕೆಂಪು ಗೀಟು ಬಿದ್ದಿದ್ದು ಅದಕ್ಕೊಂದಕ್ಕೇ. ಜೀವ ಇದ್ದ ಸಾಲೂ ಅದೊಂದೇ!

"ಅಮ್ಮ ಹೂ ಹೇಗೆ ಕಟ್ತಾರೆ, ಹೇಳು. ಕನ್ನಡದಲ್ಲೇ ಹೇಳು" ಎಂದೆ. ಅಲ್ಲಿವರೆಗೆ ನೆಲ ನೋಡುತ್ತಿದ್ದವಳು ಬಾಯಿ ಬಿಟ್ಟಳು. ಬಾಳೆನಾರು ನೀರಲ್ಲಿ ನೆನೆಸಿಡಬೇಕಂತೆ. ಅತ್ತ ಎರಡು ಮೊಗ್ಗು, ಇತ್ತ ಎರಡು, ನಡುವೆ ಗಂಟು. ಅಳತೆ ಅಮ್ಮನ ಮೊಳ. ಅಮ್ಮನ ಕೈ ಗಿಡ್ಡ, ಅದಕ್ಕೇ ಗಿರಾಕಿಗಳ ತಕರಾರು. ಇಬ್ಬರೂ ನಕ್ಕೆವು.

"ವರ್ಣನೆ ಅಂದ್ರೆ ಇದೇ ಕಣಮ್ಮಾ. ಕಣ್ಣಿಗೆ ಬಿದ್ದಿದ್ದು, ಮೂಗಿಗೆ ಬಂದಿದ್ದು, ಕೈಗೆ ತಾಗಿದ್ದು. ಮೊದಲು ಕನ್ನಡದಲ್ಲಿ ಗೀಚಿಕೋ. ಐದನ್ನು ಆರಿಸಿ ಒಂದೊಂದಕ್ಕೆ ಪುಟ್ಟ ಇಂಗ್ಲಿಷ್ ವಾಕ್ಯ ಬರಿ. 'ಬ್ಯೂಟಿಫುಲ್', 'ನೈಸ್' ಎರಡಕ್ಕೂ ಒಂದು ತಿಂಗಳು ರಜೆ."

ವ್ಯಾಕರಣವನ್ನೂ ಆ ಸಾಲಿನಿಂದಲೇ ಶುರು ಮಾಡಿದೆವು. ಕಟ್ಟುತ್ತೇನೆ, ಕಟ್ಟುತ್ತೀಯ, ಕಟ್ಟುತ್ತಾನೆ, ಕಟ್ಟುತ್ತಾಳೆ, ಕಟ್ಟುತ್ತಾರೆ. ಇಷ್ಟು ಬಾಲಗಳನ್ನು ಯೋಚಿಸದೆ ಹಚ್ಚುವವಳಿಗೆ 'ಟೈಸ್' ಅನ್ನುವ ಒಂದು ಎಸ್ ಭಾರವೇ?

ಅವಳಿಗೆ ಜಾಸ್ತಿ ಹೆದರಿಕೆ ಇದ್ದಿದ್ದು ಇಂಗ್ಲಿಷಲ್ಲಿ ನಾಮಪದದ ಮುಂದೆ ಬರುವ 'ಎ', 'ದ' ಬಗ್ಗೆ. ಕನ್ನಡದಲ್ಲಿ ಅಂಥದ್ದು ಇಲ್ಲ ಅಂತ ಯಾರೋ ಹೇಳಿದ್ದರು. ಅಜ್ಜಿ ಕತೆ ನೆನಪಿಸಿದೆ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಮಕ್ಕಳು." ಮೊದಲ ಸಲ 'ಒಬ್ಬ', ಅಲ್ಲಿ 'ಎ'. ಗುರುತಾದ ಮೇಲೆ 'ಆ', ಅಲ್ಲಿ 'ದ'. ಎಲ್ಲ ಕಡೆ ಇದು ಒದಗಲ್ಲ. ಸೂರ್ಯನಿಗೆ ಮೊದಲ ಸಲವೇ 'ದ' ಬೇಕು. ಆದರೂ ಭಯ ಬಿಡಿಸೋಕೆ ಸಾಕಾಯಿತು.

ಲೆಕ್ಚರರ್ ಹತ್ತಿರವೂ ಮಾತಾಡಿದೆ. ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪು ತಿದ್ದಿ, ಉಳಿದದ್ದು ಆಮೇಲೆ ನೋಡೋಣ ಎಂದೆ. ಪುಣ್ಯಕ್ಕೆ ಒಪ್ಪಿದರು.

ಮೂರು ತಿಂಗಳಾಯಿತು. ಹೊಟ್ಟೆನೋವು ಟೆಸ್ಟ್ ದಿನಕ್ಕೆ ಮಾತ್ರ ಉಳಿದಿದೆ. ಹೋದ ವಾರ ತಂದ ಪುಟದಲ್ಲಿ ಅಮ್ಮನ ಬೆರಳಿಗಂಟಿದ ನಾರಿನ ಕಲೆ ಇತ್ತು. ಇನ್, ಆನ್, ಆ್ಯಟ್ ಮಾತ್ರ ಇನ್ನೂ ಕಲಸುಮೇಲೋಗರ. ಕೋಣೆಯಲ್ಲಿ, ಬಸ್ಸಲ್ಲಿ, ಸ್ಟಾಪಲ್ಲಿ ಅಂತ ನಮಗೆ ಒಂದೇ 'ಅಲ್ಲಿ' ಸಾಕಲ್ವಾ? ಇಲ್ಲಿ ಕನ್ನಡದ ಊರುಗೋಲು ನಡೆಯಲ್ಲ. 'ಇನ್ ದ ರೂಮ್', 'ಆನ್ ದ ಬಸ್', 'ಆ್ಯಟ್ ದ ಸ್ಟಾಪ್' ಅಂತ ಪೂರ್ತಿ ಬರೆದು ರೂಢಿ ಮಾಡಿಕೋ ಎಂದಿದ್ದೇನೆ. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾಳೆ.