ಪಾಲಿಸಿಕ್ಸ್ ಬೋರ್ಡಿಗೆ ಅಡುಗೆ ಸೋಡಾ ಹಾಕಬೇಡಿ ಮಾರಾಯ್ರೇ

ಈ ಗುಂಪಿನಲ್ಲಿ ಸುರತ್ಕಲ್‌ನವರು ಹಾಕಿದ ಫೋಟೋ ನೋಡಿದೆ. ಕೋರ್ಗ್ ಪಾಲಿಸಿಕ್ಸ್, ಅಂದರೆ 1981ರ ಹಳೇ ಸಿಂಥಸೈಸರ್ ಕೀಬೋರ್ಡ್. ಒಳಗಿನ ಬ್ಯಾಟರಿ ಸೋರಿ ಸುತ್ತ ಹಸಿರು, ಮೇಲಿನ ಆಕ್ಟೇವಿನ ಕೀಗಳಿಗೆ ಸದ್ದೇ ಇಲ್ಲ, ಒಂದು ಪ್ರೋಗ್ರಾಂ (ನೆನಪಿನಲ್ಲಿಟ್ಟ ಸ್ವರ) ಒತ್ತಿದರೆ ಇನ್ನೊಂದು ಬರುತ್ತದೆ. ಅಡುಗೆ ಸೋಡಾ ಕಲಸಿ ಒರೆಸಿದ್ದೀರಿ. ಇನ್ನು ಅದೇ ಥರದ ಬ್ಯಾಟರಿ ಬೆಸುಗೆ ಹಾಕಿ ನವರಾತ್ರಿಯ ಕಾರ್ಯಕ್ರಮಕ್ಕೆ ತಗೊಂಡು ಹೋಗುತ್ತೇನೆ ಅಂತ ಬರೆದಿದ್ದೀರಿ. ಬೇಡ. ಕರೆಂಟು ಕೊಡಬೇಡಿ, ಬ್ಯಾಟರಿ ತರಿಸಬೇಡಿ, ಮೊದಲು ಇದನ್ನು ಓದಿ.

ಸೋಡಾ ಹಾಕುವುದು ಕಾರಿನ ಬ್ಯಾಟರಿಗೆ. ಅದರಲ್ಲಿರುವುದು ಆಸಿಡ್. ಪಾಲಿಸಿಕ್ಸಿನ ಕೆಎಲ್‌ಎಂ-367 ಬೋರ್ಡಿನ ಮೇಲೆ ಕೂತಿರುವುದು 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ. ಅದು ಸೋರಿದರೆ ಹೊರಗೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಸೋಡಾ ಕೂಡ ಕ್ಷಾರದ ಕಡೆಯದ್ದೇ. ಹಾಕಿ ಎಂತ ಪ್ರಯೋಜನ? ಒರೆಸಿದ ಬಟ್ಟೆಗೆ ಸ್ವಲ್ಪ ಹೋಗುತ್ತದೆ, ಬೋರ್ಡು ಹೊಳೆಯುತ್ತದೆ, ನಮಗೆ ಸಮಾಧಾನ ಆಗುತ್ತದೆ, ಅಷ್ಟೇ. ನಾನೂ ಹೀಗೇ ಸಮಾಧಾನ ಪಟ್ಟುಕೊಂಡವನು. ನನ್ನ ಪಾಲಿಸಿಕ್ಸ್ ಬೇಸಿಗೆಯಲ್ಲಿ ಚೆನ್ನಾಗಿಯೇ ನುಡಿಯಿತು. ಮಳೆ ಹಿಡಿದ ಮೇಲೆ ಒಂದೊಂದೇ ಕೀ ಹೋಗಲು ಶುರುವಾಯಿತು. ಯಾಕೆಂದರೆ ಈ ಕ್ಷಾರ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಣಗಿ ಬಿಳಿ ಪುಡಿಯಾದ ಮೇಲೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಸುಮ್ನೆ ಕೂತಿರುವ ಪುಡಿ ನಮ್ಮ ಆಷಾಢದಲ್ಲಿ ಪುನಃ ಒದ್ದೆಯಾಗಿ ಬೋರ್ಡಿನ ಹಸಿರು ಲೇಪದ ಅಡಿಯಲ್ಲಿ ಗೆದ್ದಲಿನ ಹಾಗೆ ಹೋಗುತ್ತದೆ. ಮೇಲಿನಿಂದ ಟ್ರ್ಯಾಕ್, ಅಂದರೆ ಬೋರ್ಡಿನ ತಾಮ್ರದ ಗೆರೆ, ಸರಿಯಾಗಿಯೇ ಕಾಣುತ್ತದೆ, ಒಳಗೆ ತಾಮ್ರ ಇರುವುದಿಲ್ಲ. ಕೀಬೋರ್ಡ್ ಓದುವುದು, ಪ್ರೋಗ್ರಾಂ ನೆನಪಿಡುವುದು ಎಲ್ಲ ಆ ಒಂದೇ ಬೋರ್ಡಿನ ಕೆಲಸ. ನಿಮ್ಮ ಎರಡೂ ತೊಂದರೆ ಅಲ್ಲಿಂದಲೇ. ಕೀ ಬಿಚ್ಚಲು ಹೋಗಬೇಡಿ.

ನನ್ನ ಕ್ರಮ ಹೇಳುತ್ತೇನೆ. ಬ್ಯಾಟರಿಯ ಕಾಲು ಕತ್ತರಿಸಿ ತೆಗೆಯಿರಿ, ಕಿತ್ತು ಎಳೆದರೆ ಬೆಸುಗೆ ಹಿಡಿಯುವ ತಾಮ್ರದ ಪ್ಯಾಡ್ ಕೂಡ ಬರುತ್ತದೆ. ಗ್ಲೌಸ್ ಹಾಕಿ, ಕನ್ನಡಕ ಹಾಕಿ, ಕ್ಯಾಡ್ಮಿಯಂ ಒಳ್ಳೆಯದಲ್ಲ, ಹಳೇ ಬ್ಯಾಟರಿಯನ್ನು ತೆಂಗಿನ ಬುಡಕ್ಕೆ ಎಸೆಯಬೇಡಿ, ಇ-ವೇಸ್ಟ್ ತಗೊಳ್ಳುವ ಕಡೆ ಕೊಡಿ. ಕನೆಕ್ಟರ್‌ಗಳ ಫೋಟೋ ತೆಗೆದುಕೊಂಡು ಬೋರ್ಡನ್ನು ಪೂರ್ತಿ ಹೊರಗೆ ತೆಗೆಯಿರಿ. ಯಂತ್ರದ ಒಳಗೇ ಇಟ್ಟು ತೊಳೆಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ಬಿಳಿ ವಿನಿಗರ್, ಹಳೇ ಟೂತ್‌ಬ್ರಶ್. ಬಿಳಿ ಅಂದರೆ ದಿನಸಿ ಅಂಗಡಿಯ ಸಿಂಥೆಟಿಕ್ ವಿನಿಗರ್. ಹಂದಿ ಮಾಂಸಕ್ಕೆ ಹಾಕುವ ಕಳ್ಳಿನ ವಿನಿಗರ್ ಅಡುಗೆಗೆ ಎಷ್ಟೇ ಚೆಂದ ಇದ್ದರೂ ಬೋರ್ಡಿಗೆ ಬೇಡ, ಅದರಲ್ಲಿ ಗಷ್ಟು ಇರುತ್ತದೆ. ಲಿಂಬೆಹುಳಿಯೂ ಬೇಡ. ಎರಡೂ ಬದಿ ಉಜ್ಜಿ. ನೊರೆ ಬಂದರೆ ಇನ್ನೂ ಉಂಟು ಅಂತ ಅರ್ಥ, ಬರದಿದ್ದರೆ ಮುಗಿಯಿತು ಅಂತ ಅರ್ಥ ಅಲ್ಲ, ಇನ್ನೊಂದು ಸಲ ಉಜ್ಜಿ. ವಿನಿಗರ್ ಅಲ್ಲೇ ಉಳಿದರೆ ಅದೂ ತಿನ್ನುತ್ತದೆ, ಹಾಗಾಗಿ ಡಿಸ್ಟಿಲ್ಡ್ ವಾಟರಿನಲ್ಲಿ ಧಾರಾಳವಾಗಿ ತೊಳೆಯಿರಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬಾವಿ ನೀರು ಬೇಡ, ಕಡಲ ಬದಿಯ ಬಾವಿಯಂತೂ ಬೇಡವೇ ಬೇಡ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್, 99 ಶೇಕಡಾದ್ದು. ಕೈಗೆ ಹಾಕುವ ಸ್ಯಾನಿಟೈಸರ್ ಅಲ್ಲ. ಹೋದ ವರ್ಷ ಇದೇ ಗುಂಪಿನಲ್ಲಿ ಒಬ್ಬರು ಜೆಲ್ ಹಚ್ಚಿದ್ದರು, ಎಂತ ಹೇಳುವುದು. ಒಂದು ದಿನ ಫ್ಯಾನಿನ ಅಡಿ ಒಣಗಲಿ.

ಒಣಗಿದ ಮೇಲೆ ಅಸಲು ಕೆಲಸ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಮಿನುಗುವ ತನಕ ಕೆರೆಯಿರಿ. ಫೈಬರ್‌ಗ್ಲಾಸ್ ಪೆನ್ ಒಳ್ಳೆಯದು, ಉದುರುವ ಎಳೆ ಕೈಗೆ ಚುಚ್ಚುತ್ತದೆ, ಜಾಗ್ರತೆ. ಮಲ್ಟಿಮೀಟರ್ ಹಿಡಿದು ಬ್ಯಾಟರಿ ಹತ್ತಿರದ ಪ್ರತಿಯೊಂದು ಟ್ರ್ಯಾಕನ್ನು ಆ ತುದಿಯಿಂದ ಈ ತುದಿಗೆ ಬೀಪ್ ಮಾಡಿ ನೋಡಿ. ಬೀಪ್ ಬಾರದ ಕಡೆ ಸಪೂರ ವಯರ್ ಎಳೆಯಿರಿ. ಸರ್ವಿಸ್ ಮ್ಯಾನುಯಲ್ ಪಕ್ಕದಲ್ಲಿರಲಿ, ಅಂದಾಜಿಗೆ ಎಳೆಯಬೇಡಿ. ಕಾಲು ತಿಂದುಹೋದ ಚಿಪ್ ಇದ್ದರೆ ತೆಗೆದು ಸಾಕೆಟ್ ಹಾಕಿ, ಅಲ್ಲಿರುವ 4000 ಸರಣಿಯ ಸಣ್ಣ ಚಿಪ್ಪುಗಳು ಈಗಲೂ ಸಿಗುತ್ತವೆ. ಸ್ವರದ ಬಣ್ಣ ತಿದ್ದುವ ಎಸ್‌ಎಸ್‌ಎಂ 2044 ಫಿಲ್ಟರ್ ಚಿಪ್ಪುಗಳು ಬೇರೆ ಬೋರ್ಡಿನಲ್ಲಿವೆ, ಅವಕ್ಕೆ ಕೈ ಹಾಕಬೇಡಿ, ಪಾಲಿಸಿಕ್ಸಿನ ಸ್ವರದ ಜೀವ ಅದು, ಹೋದರೆ ಕಷ್ಟ. ಬೆಸುಗೆಯ ಐರನ್ ಬಗ್ಗೆ ಕೇಳಿದ್ದಿರಿ. ಸೋಲ್ಡ್ರಾನ್ ಕಂಪನಿಯ 25 ವ್ಯಾಟ್ ಸಾಕು, ಆನ್‌ಲೈನಿನ ಹೆಸರಿಲ್ಲದ ಕಿಟ್ಟಿಗಿಂತ ಎಷ್ಟೋ ಮೇಲು. ಸೀಸ ಇರುವ ಒಳ್ಳೆ ಬೆಸುಗೆ ತಂತಿ ತಗೊಳ್ಳಿ, ಕಿಟಕಿ ತೆರೆದಿಡಿ.

ಹೊಸ ಬ್ಯಾಟರಿ ಬೋರ್ಡಿನ ಮೇಲೆ ಬೇಡ. ಕಾರ್ಡ್‌ಲೆಸ್ ಫೋನಿಗೆ ಬರುವ 3.6 ವೋಲ್ಟಿನ ನಿಕ್ಕಲ್ ಮೆಟಲ್ ಹೈಡ್ರೈಡ್ ಪ್ಯಾಕಿಗೆ ಉದ್ದ ವಯರ್ ಕೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ದೂರ ಕಟ್ಟಿಬಿಡಿ. ಸೋರಿದರೂ ಚೀಲದೊಳಗೆ ಸೋರಲಿ. ಸಿಆರ್2032, ಅಂದರೆ ನಾಣ್ಯದ ಹಾಗಿರುವ ಲಿಥಿಯಂ ಸೆಲ್, ಹಾಕಿ ಅಂತ ನಿಮ್ಮ ಫೋಟೋದ ಅಡಿ ಒಬ್ಬರು ಹೇಳಿದ್ದಾರೆ. ಹಾಕಬಹುದು, ಆದರೆ ಅವರು ಡಯೋಡ್ ವಿಷಯ ಹೇಳಲೇ ಇಲ್ಲ. ಅಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಉಂಟು, ಲಿಥಿಯಂ ಸೆಲ್ಲಿಗೆ ಚಾರ್ಜ್ ಹೋದರೆ ಅದು ಉಬ್ಬಿ ಒಡೆಯಬಹುದು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಶಾಟ್ಕಿ ಡಯೋಡ್ ಸಾಲಿನಲ್ಲಿ ಇಲ್ಲದೆ ಹಾಕಲೇಬಾರದು. ಅರ್ಧ ಸಲಹೆ ಕೊಡುವವರಿಗೆ ಕೈಮುಗಿಯಬೇಕು. ಹಳೇ ಪ್ರೋಗ್ರಾಂ ಹೋಯಿತು ಅಂತ ಬೇಜಾರು ಬೇಡ, ಇರುವುದು 32, ಕ್ಯಾಸೆಟ್ ಜ್ಯಾಕಿನ ಮೂಲಕ ಪುನಃ ತುಂಬಿಸಬಹುದು. ಫೋನಿನಿಂದ ಪ್ರೋಗ್ರಾಂಗಳ ಡಬ್ಲ್ಯೂಎವಿ ಆಡಿಯೋ ಫೈಲ್ ನುಡಿಸಿದರೂ ಆಗುತ್ತದೆ, ವಾಲ್ಯೂಮ್ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ನೋಡಬೇಕು, ನೋಟಿಫಿಕೇಶನ್ ಬಂದ್ ಮಾಡಿ.

"ಇದರ ಬದಲು ರೋಲ್ಯಾಂಡ್ ಜುನೋ-106 ತಗೊಳ್ಳಬೇಕಿತ್ತು" ಅಂತ ಇನ್ನೊಂದು ಸಿಂಥಸೈಸರಿನ ಹೆಸರು ಹೇಳಿದವರಿಗೆ ಒಂದು ಮಾತು. ಅದರ 80017ಎ ವಾಯ್ಸ್ ಚಿಪ್ಪುಗಳು ಸಾಯುವ ಕಥೆ ನಿಮಗೆ ಗೊತ್ತಿಲ್ವಾ? 1984ರ ಜುನೋಗೂ 1981ರ ಪಾಲಿಸಿಕ್ಸಿಗೂ ರೋಗ ಬೇರೆ, ಖರ್ಚು ಒಂದೇ. ಜುನೋದ ಟ್ಯೂನಿಂಗ್ ಗಟ್ಟಿ, ಒಪ್ಪುತ್ತೇನೆ, ಅದು ಡಿಸಿಒ, ಶ್ರುತಿಯನ್ನು ಡಿಜಿಟಲ್ ಆಗಿ ಹಿಡಿದಿಡುತ್ತದೆ. ಪಾಲಿಸಿಕ್ಸ್ ವಿಸಿಒ, ಶ್ರುತಿ ವೋಲ್ಟೇಜಿನ ಮೇಲೆ ನಿಂತಿದೆ, ಬಿಸಿ ತಣ್ಣಗೆ ಸರಿದಾಡುತ್ತದೆ, ಅರ್ಧ ಗಂಟೆ ಬಿಸಿಯಾಗಲು ಬಿಡಬೇಕು. ಭಜನೆಯವರ ಜೊತೆ ನುಡಿಸುವುದಾದರೆ ಬಿಸಿಯಾದ ಮೇಲೆಯೇ ಹಾರ್ಮೋನಿಯಂಗೆ ಟ್ಯೂನ್ ನಾಬ್ ಕೂಡಿಸಿ. ಸ್ಟೇಜಿನ ಫ್ಯಾನ್ ನೇರ ಅದರ ಮೇಲೆ ಬೀಸಿದರೆ ಶ್ರುತಿ ಪುನಃ ತಪ್ಪುತ್ತದೆ.

ಫೋಟೋದಲ್ಲಿ ಹಿಂದಿನ ಲೇಬಲ್ 100 ವೋಲ್ಟ್ ಅಂತ ಕಾಣುತ್ತದೆ, ಜಪಾನಿನ ಪೀಸ್. ನಿಮ್ಮ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 110 ವೋಲ್ಟಿನದ್ದಾದರೆ 100ರದ್ದಕ್ಕೆ ಬದಲಿಸಿ, ಒಳಗಿನ ರೆಗ್ಯುಲೇಟರ್ ಸುಮ್ನೆ ಜಾಸ್ತಿ ಬಿಸಿಯಾಗುತ್ತದೆ. ಅರ್ಥಿಂಗ್ ಕೂಡ ನೋಡಿಸಿ. ಮುರಕಲ್ಲಿನ ಜಾಗದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿದರೆ ಹಮ್ ಬರುವುದಷ್ಟೇ ಅಲ್ಲ, ಶಾಕೂ ಹೊಡೆಯಬಹುದು. ಗುಡುಗಿನ ದಿನ ಪ್ಲಗ್ ಮಾತ್ರ ಅಲ್ಲ, ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲನ್ನೂ ತೆಗೆಯಿರಿ. ಹಿಂದಿನ ತೂತುಗಳಿಗೆ ಸೊಳ್ಳೆ ಜಾಲರಿ ಅಂಟಿಸಿ, ಪವರ್ ಬೋರ್ಡಿನ ಮೇಲೆ ಹಲ್ಲಿ ಸತ್ತರೆ ಫ್ಯೂಸ್ ಒಂದೇ ಹೋಗುವುದಿಲ್ಲ. ಕರಕರ ಅನ್ನುವ ನಾಬಿಗೆ ಡಬ್ಲ್ಯೂಡಿ-40 ಬೇಡ, ಅದು ಬಾಗಿಲ ತಿರುಗಣೆಗೆ ಸರಿ. ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಕೇಳಿ. ಅದರಲ್ಲಿ ಡಿಆಕ್ಸಿಟ್ ಎಂಬುದು ದುಬಾರಿ, ಆದರೆ ಒಂದು ಡಬ್ಬಿ ತುಂಬಾ ದಿನ ಬರುತ್ತದೆ.

ನವರಾತ್ರಿಗೆ ಬೇರೆ ಕೀಬೋರ್ಡ್ ಸಾಲ ಕೇಳಿಟ್ಟುಕೊಳ್ಳಿ. ವಿನಿಗರ್ ಆದ ಮೇಲೆ ಬೋರ್ಡಿನ ಎರಡೂ ಬದಿಯ ಫೋಟೋ ಹಾಕಿ, ಬೆಳಕಿಗೆ ಓರೆಯಾಗಿ ಹಿಡಿದು ತೆಗೆಯಿರಿ. ಬ್ಯಾಟರಿ ಇದ್ದ ಜಾಗದ ಹತ್ತಿರದ ಕನೆಕ್ಟರ್ ಪಿನ್ನುಗಳೂ ಸ್ಪಷ್ಟ ಕಾಣಲಿ, ವಯರಿನ ಒಳಗೂ ಕ್ಷಾರ ಹತ್ತಿರಬಹುದು.